ಮಂಗಳಮ್ಮನ ಎರೆಹುಳುಗಳು

ಮಣ್ಣು ಪರೀಕ್ಷೆಗೆ ಬಂದಿದ್ದ ಅರ್ಪಿತ ಗುದ್ದಲಿಯಿಂದ ಎತ್ತಿದ ಹೆಂಟೆಯಲ್ಲಿ ಎರೆಹುಳುಗಳು ಒಂದೇ ಕಡೆ ಮುದ್ದೆಯಾಗಿ ಹೊರಳಾಡುತ್ತಿದ್ದವು. ಹೊಲದೊಡತಿ ಮಂಗಳಮ್ಮ, "ನೋಡವ್ವ, ಹುಳ ಬಂದವೆ ಅಂದ್ರೆ ಭೂಮಿ ಚೆನ್ನಾಗದೆ ಅಂತ್ಲೇ ಲೆಕ್ಕ. ಈ ಸಲ ರಾಗಿ ಬಿತ್ಬೋದು ಅಂತ ಬರ್ಕೊಂಡ್ಬುಡು," ಎಂದಳು.

ಹೋದ ವರ್ಷ ನಾಗಮಂಗಲದ ರಸ್ತೆಯಲ್ಲಿ ಟ್ಯಾಂಕರು ಮಗುಚಿ ಡೀಸೆಲ್ ಈ ಹೊಲಕ್ಕೆಲ್ಲ ಹರಿದಿತ್ತು. ಕೆಟ್ಟ ಮಣ್ಣನ್ನು ಕೆರೆದು ಸಾಗಿಸಿದ್ದಾಗಿತ್ತು. ಉಳಿದದ್ದು ಚೇತರಿಸಿಕೊಂಡಿದೆಯೇ ಎಂದು ಈಗ ನೋಡಬೇಕಿತ್ತು. ಅರ್ಪಿತ ಒಂದು ಹುಳುವನ್ನು ಅಂಗೈ ಮೇಲೆ ಬಿಟ್ಟುಕೊಂಡಳು. ಅದು ಕೆಂಪಗೆ ಕೊಬ್ಬಿತ್ತು, ಮೈಗೆಲ್ಲ ಸಗಣಿ ಮೆತ್ತಿತ್ತು.

"ಅಮ್ಮಾ, ಇದು ತಿಪ್ಪೆ ಹುಳ ಅಲ್ವಾ?"

ಮಂಗಳಮ್ಮ ಸೆರಗಿನ ತುದಿ ಹಿಂಡುತ್ತ ಬದುವಿನ ಕಡೆ ನೋಡಿದಳು. ಅರ್ಪಿತ ಹೊಲದ ನಡುವಿಗೆ ಹೋಗಿ ಇನ್ನೊಂದು ಗುಂಡಿ ತೋಡಿದಳು. ಮಣ್ಣನ್ನು ಮೂಸಿದಳು. ಡೀಸೆಲ್ ವಾಸನೆ ಇರಲಿಲ್ಲ. ಬೆರಳಿಂದ ಹೆಂಟೆ ಒಡೆದಾಗ ಒಳಗಿಂದ ದಾರದಷ್ಟು ಸಣ್ಣ, ಬಿಳಚಿದ ಒಂದು ಹುಳು ನಿಧಾನವಾಗಿ ತಲೆ ಹೊರಹಾಕಿತು. ಮಂಗಳಮ್ಮ ಓಡಿ ಬಂದು ಮಂಡಿಯೂರಿದಳು; ಹುಳುವನ್ನು ನೋಡಿದಳು, ಅರ್ಪಿತಳ ಮುಖ ನೋಡಿದಳು.

"ಭೂಮ್ತಾಯಾಣೆಗೂ, ಇದ ನಾನು ಬುಟ್ಟಿದ್ದಲ್ಲ ಕಣವ್ವ!"