ಇನ್ನೊಂದು ಕಿಲೋ

"ಇಳಿ. ಇನ್ನೊಂದು ಕಿಲೋ ಹೋಗ್ಬೇಕು," ಎಂದಳು ಅಕ್ಕ.

ತಂಗಿ ತೂಕದ ಯಂತ್ರದಿಂದ ಇಳಿದು ಬಚ್ಚಲಿನ ಗೋಡೆ ಹಿಡಿದಳು. ಕಣ್ಣಿಗೆ ಕತ್ತಲೆ ಕವಿದು ಮೆಲ್ಲಗೆ ಸರಿಯಿತು. ನಲವತ್ತೇಳು. ಮೂರು ತಿಂಗಳ ಹಿಂದೆ ಐವತ್ತಾರು ಇದ್ದವಳು.

ಎಂಟು ಹುಟ್ಟಿನ ಪಂದ್ಯದ ದೋಣಿಯ ಚುಕ್ಕಾಣಿ ಅಲ್ಲಿಯವರೆಗೆ ಅಕ್ಕನ ಕೈಯಲ್ಲಿತ್ತು. ಹುಟ್ಟು ಹಾಕುವ ಹುಡುಗಿಯರು ಗುರಿಗೆ ಬೆನ್ನು ಮಾಡಿ ಕೂರುತ್ತಾರೆ. ಮುಂದೇನಿದೆ ಎಂದು ಕಾಣುವುದು ಚುಕ್ಕಾಣಿಯವಳಿಗೆ ಮಾತ್ರ. ಅವಳ ದನಿಯೇ ಅವರ ಕಣ್ಣು. ತಂಗಿಯ ದನಿ ಗಂಟೆ ಬಾರಿಸಿದ ಹಾಗಿದೆ ಎಂದು ಕೋಚ್ ಅವಳಿಗೆ ಸೀಟು ಕೊಟ್ಟು, ಅಕ್ಕನನ್ನು ದಡದಲ್ಲಿ ಉಳಿಸಿದ್ದರು.

ಅಕ್ಕ ಮುಖ ಗಂಟಿಕ್ಕಲಿಲ್ಲ. ತಂಗಿಯನ್ನು ತಯಾರು ಮಾಡುವ ಹೊಣೆ ತಾನೇ ಹೊತ್ತಳು. "ಹೊಟ್ಟೆಕಿಚ್ಚು ಅನ್ನೋದೇ ಗೊತ್ತಿಲ್ಲ ಇವಳಿಗೆ," ಎಂದು ಅಮ್ಮ ಪಕ್ಕದ ಮನೆಯವರ ಮುಂದೆ ಹೊಗಳಿದ್ದಳು.

"ನಿನ್ನ ಒಂದೊಂದು ಕಿಲೋನೂ ಆ ಎಂಟು ಜನ ಎಳೀಬೇಕು ಕಣೇ. ಚೂರು ದಯೆ ಇರ್ಲಿ," ಎನ್ನುತ್ತ ಅಕ್ಕ ಅವಳ ತಟ್ಟೆಯಿಂದ ಅರ್ಧ ತೆಗೆದು ಪಾತ್ರೆಗೆ ವಾಪಸು ಹಾಕುತ್ತಿದ್ದಳು.

"ಕೋಚ್ ಕೇಳಿದ್ರೆ?"

"ಹೊಟ್ಟೆ ತುಂಬಾ ತಿಂದೆ ಅನ್ನು. ಇಲ್ಲಾಂದ್ರೆ ಕನಿಕರಪಟ್ಟು ಹೊರಗೆ ಕೂರಿಸ್ತಾರೆ."

ಕೋಚ್ ಕೇಳಿದರು. ತಂಗಿ ಹಾಗೇ ಹೇಳಿದಳು.

ಅವಳ ಮೊದಲ ಪಂದ್ಯದ ಬೆಳಿಗ್ಗೆ. ಇವತ್ತು ಕೂತವಳಿಗೇ ವರ್ಷವಿಡೀ ಆ ಸೀಟು. ತೂಕ ನೋಡುವುದಕ್ಕೆ ಮೊದಲು, ಮೈ ಬಿಸಿ ಮಾಡಿಕೊಳ್ಳಲು ದೋಣಿ ನೀರಿಗಿಳಿಯಿತು. ತಂಗಿ ಬಾಯಿ ತೆರೆದಳು. ಉಸಿರು ಬಂತು, ದನಿ ಬರಲಿಲ್ಲ.

"ಸೊಳ್ಳೆ ಗುಂಯ್ ಅಂದ್ರೂ ಕೇಳ್ಸತ್ತೆ," ಎಂದಳು ದೋಣಿಯ ಆ ತುದಿಯಲ್ಲಿ ಹುಟ್ಟು ಹಿಡಿದವಳು. "ಇವಳದ್ದು ಅದೂ ಇಲ್ಲ."

ದೋಣಿ ಗುರುತಿನ ಕಂಬಕ್ಕೆ ಉಜ್ಜಿತು. ಕೋಚ್ ದಡದಿಂದ ಸೀಟಿ ಊದಿದರು. "ನೀನು ಇಳಿದುಬಿಡಮ್ಮ. ಅಕ್ಕ ಕೂರ್ಲಿ."

ಅಕ್ಕ ತಂಗಿಯ ತಲೆ ಸವರಿ ತೂಕದ ಕೋಣೆಗೆ ನಡೆದಳು. ತಂಗಿ ಅವಳ ಬೂಟು ಹಿಡಿದು ಬಾಗಿಲಲ್ಲಿ ನಿಂತಳು. ಪಂದ್ಯದ ತೂಕ ಹೇಗೆ ನಡೆಯುತ್ತದೆ ಎಂದು ಅವಳು ನೋಡಿದ್ದು ಅದೇ ಮೊದಲು.

ಐವತ್ತೆರಡು. ತೂಕದವನು ಮೂಲೆಯಿಂದ ಒಂದು ಚೀಲ ಎತ್ತಿ ಕೊಟ್ಟ. ಅಕ್ಕ ಏನೂ ಕೇಳದೆ ಅದನ್ನು ಎದೆಗವಚಿಕೊಂಡು ದೋಣಿಯತ್ತ ಹೋದಳು.

"ಅದೇನಣ್ಣ?" ಒಡೆದ ದನಿಯಲ್ಲಿ ತಂಗಿ ಕೇಳಿದಳು.

"ಮರಳು. ಚುಕ್ಕಾಣಿಯೋರು ಐವತ್ತೈದಕ್ಕೆ ಎಷ್ಟು ಕಮ್ಮಿ ಇದ್ರೆ ಅಷ್ಟು ಮರಳು ಹೊರ್ಬೇಕು, ಹಗುರ ಆಗಿ ಲಾಭ ಇಲ್ಲ. ನಿಮ್ಮಕ್ಕ ಮೂರು ವರ್ಷದಿಂದ ಹೊರ್ತಿದಾಳಲ್ಲ, ಹೇಳಿಲ್ವಾ?"