ಸೋತವರು ಪಾತ್ರೆ ತೊಳೆಯಬೇಕು

"ಪರ್ಸ್ಪಿಕೇಶಸ್," ಎಂದಳು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ. "ಅರ್ಥ ಹೇಳಿ ನೋಡೋಣ."

ಗಂಡನ ಬಾಯಿಗೆ ಹೊರಟ ತುತ್ತು ಅರ್ಧದಲ್ಲೇ ನಿಂತಿತು. ಊಟದ ಹೊತ್ತಿಗೆ ಒಬ್ಬರು ಒಂದು ಕಠಿಣ ಇಂಗ್ಲಿಷ್ ಪದ ಎಸೆಯಬೇಕು, ಅರ್ಥ ಹೇಳಲಾಗದವರು ಪಾತ್ರೆ ತೊಳೆಯಬೇಕು. ಮದುವೆಯಾದ ಹೊಸತರಲ್ಲಿ ಈ ಆಟ ಹುಟ್ಟುಹಾಕಿದವನು ಅವನೇ. ಅಂದಿನಿಂದ ಹೋದ ವಾರದವರೆಗೂ ಪಾತ್ರೆ ತೊಳೆದವಳು ಅವಳು. ಅಜ್ಜಿ ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಗಿಳಿಯೊಳಗೆ ಬಚ್ಚಿಟ್ಟ ಹಾಗೆ, ವಿಮೆ ಕಚೇರಿಯ ಈ ಗುಮಾಸ್ತ ತನ್ನ ದೊಡ್ಡಸ್ತಿಕೆಯನ್ನೆಲ್ಲ ಆ ಪದಗಳೊಳಗೆ ಇಟ್ಟಿದ್ದ. ಮಗಳು ಕಣ್ಣರಳಿಸಿ "ಅಪ್ಪಂಗೆ ಎಲ್ಲಾ ಗೊತ್ತು" ಅಂದರೆ ಸಾಕು, ಅವನಿಗೆ ಊಟವೇ ಬೇಡ.

"ಅಂಥ ಪದವೇ ಇಲ್ಲ," ಎಂದ.

ಮಗಳು ಫೋನನ್ನು ಅವನ ಮೂಗಿಗೆ ಹಿಡಿದಳು. "ಇದೆ ನೋಡಪ್ಪ. ಬೇರೆಯವ್ರಿಗೆ ಕಾಣದ್ದನ್ನ ತಟ್ಟಂತ ಕಂಡುಹಿಡಿಯೋರು ಅಂತ."

ಈ ವಾರವೆಲ್ಲ ಹೀಗೇ ಸೋಲು. ಯಾರೋ ಹೇಳಿಕೊಡುತ್ತಿದ್ದಾರೆ! ಹೆಂಡತಿ ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಗೆ ಹೊಸ ಡಾಕ್ಟರು ಬಂದಿದ್ದಾನೆ. ಎತ್ತರದವನು, ಹೊರದೇಶದಲ್ಲಿ ಓದಿದವನು. ಅವನು ತುತ್ತನ್ನು ತಟ್ಟೆಗೇ ಹಾಕಿದ.

"ನಿಮ್ಮ ಹೊಸ ಡಾಕ್ಟ್ರು ಪಾಠಾನೂ ಮಾಡ್ತಾರೆ ಅನ್ಸುತ್ತೆ."

"ಅವ್ರಾ? 'ಬಾಯಿ ತೆಗೀರಿ, ಬಾಯಿ ಮುಚ್ಚಿ' ಬಿಟ್ರೆ ಮೂರನೇ ಮಾತಿಲ್ಲ ಆ ಪುಣ್ಯಾತ್ಮಂಗೆ," ಹೆಂಡತಿ ಕಿಸಕ್ಕನೆ ನಕ್ಕಳು.

"ಮತ್ಯಾರು?"

"ನಾನು," ಎಂದಳು ಮಗಳು. "ಬೆಳಿಗ್ಗೆ ಬಸ್ಸಲ್ಲಿ ಅಮ್ಮಂಗೆ ನಾನು ಹೇಳಿಕೊಡ್ತೀನಿ, ನಂಗೆ ಅಮ್ಮ ಹೇಳಿಕೊಡ್ತಾಳೆ."

ಡಾಕ್ಟರಾಗಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ. ಜಗಳವಾದರೂ ಆಡಬಹುದಿತ್ತು.

"ನನ್ನ ಕೇಳಬಹುದಿತ್ತಲ್ಲ ಪುಟ್ಟಿ?" ದನಿ ತಾನಾಗಿ ಇಳಿಯಿತು.

"ಮುಂಚೆ ಕೇಳ್ತಿದ್ದೆನಲ್ಲಪ್ಪ. ನೀನು 'ಇಷ್ಟೂ ಗೊತ್ತಿಲ್ವಾ, ನೀನೂ ಅಮ್ಮನ ಥರಾನೇ' ಅಂತಿದ್ದೆ."

ಹೆಂಡತಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಅವನ ಮುಂದೆ ಸರಿಸಿದಳು.

ಅಡುಗೆಮನೆಯಲ್ಲಿ ಅವನು ನೊರೆಯೊಳಗೆ ಕೈ ಅದ್ದಿ ನಿಂತ. ಹೊರಗೆ ಅಮ್ಮ ಮಗಳು ಇನ್ಯಾವುದೋ ಪದ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಯಾವ ಪದವೆಂದು ಕೇಳಿಸಿಕೊಳ್ಳಲು ಅವನು ಮೆಲ್ಲಗೆ ನಲ್ಲಿ ನಿಲ್ಲಿಸಿದ.

ನಗುವೂ ನಿಂತಿತು.