ಅಜ್ಜನ ಹಡಗು ಹತ್ತಿದ ಅಜ್ಜಿ

ಈಗಲೂ ಎಲ್ಲಾದರೂ ವಾರ್ನಿಶಿನ ವಾಸನೆ ಬಂದರೆ ಪಣಂಬೂರು ಬಂದರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜ ವರ್ಷಗಟ್ಟಲೆ ಬಡಗಿಯಾಗಿ ದುಡಿದಿದ್ದ ಹಳೆಯ ಪ್ರಯಾಣಿಕರ ಹಡಗು ಅಂದು ಕೊನೆಯ ಸಲ ನಮ್ಮೂರಿಗೆ ಬಂದಿತ್ತು. ಅದರಲ್ಲಿ ಇನ್ನೂ ಕೆಲಸಕ್ಕಿದ್ದ ಅವರ ಗೆಳೆಯರೊಬ್ಬರು ಅನುಮತಿ ಮಾಡಿಸಿ ಅಜ್ಜ, ಅಜ್ಜಿ ಮತ್ತು ನನ್ನನ್ನು ಹತ್ತಿಸಿಕೊಂಡರು. ಆ ಹಡಗಿನ ಮಾತೆತ್ತಿದರೇ ಅಜ್ಜಿಗೆ ಆಗುತ್ತಿರಲಿಲ್ಲ. ಅಜ್ಜ ಹಡಗಿನಲ್ಲಿದ್ದಷ್ಟು ಕಾಲ ದೇರೆಬೈಲಿನ ಮನೆಯಲ್ಲಿ ಒಬ್ಬರೇ ಮಕ್ಕಳನ್ನು ಸಾಕಿದವರು ಅವರು.

ಮೇಲಿನ ಡೆಕ್ಕಿನ ತೇಗದ ನೆಲ ಬಿಸಿಲಿಗೆ ಬೆಚ್ಚಗಿತ್ತು. ಅಜ್ಜ ಒಂದು ಆರಾಮಕುರ್ಚಿ ಬಿಡಿಸಿ ಅಜ್ಜಿಯನ್ನು ಕೂರಿಸಿದರು. ಅಜ್ಜಿ ಅದರ ವಾರ್ನಿಶು ಬಳಿದ ನುಣುಪಾದ ಮರವನ್ನು ಸವರುತ್ತಾ ಬಹಳ ಹೊತ್ತು ಸಮುದ್ರ ನೋಡಿದರು.

"ಇಷ್ಟು ಚಂದ ಉಂಟೂಂತ ನೀವು ಒಂದು ದಿನವೂ ಹೇಳ್ಲಿಲ್ಲ. ಯಾವಾಗ ಕೇಳಿದ್ರೂ ಕಷ್ಟ, ಕಷ್ಟಾಂತಲೇ ಹೇಳಿದ್ರಿ."

"ಎಂತ ಹೇಳುದು ಮಾರಾಯ್ತಿ?" ಅಜ್ಜನ ದನಿ ಇಳಿದಿತ್ತು. "ನೀನಲ್ಲಿ ಒಬ್ಬಳೇ ಒದ್ದಾಡುವಾಗ, ನಾನಿಲ್ಲಿ ಸುಖವಾಗಿದ್ದೇನೇಂತ ಹೇಳ್ಲಿಕ್ಕೆ ಬಾಯಿ ಬರ್ತದಾ?"

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಹೆಗಲ ಮೇಲೆ ಕೈಯೂರಿ ಎದ್ದರು.

"ನೀವು ಮಲಗ್ತಾ ಇದ್ದದ್ದು ಎಲ್ಲಿ?" ಎಂದು ಕೇಳಿದರು. "ಅದನ್ನೂ ತೋರಿಸಿ."